ಭದ್ರಾವತಿಯ ನಷ್ಟ ಯಾರ ನಷ್ಟ?

ಭದ್ರಾವತಿಯ ಕಾರ್ಖಾನೆಗಳ ಮಾತೆತ್ತಿದರೆ ಸಾಕು, ನಮ್ಮ ವಿದ್ಯಾವಂತರ ಬಾಯಿಂದ ಮೊದಲು ಹೊರಡುವ ಶಬ್ದ ‘ನಷ್ಟ’. ಅದನ್ನು ಉಚ್ಚರಿಸುವಾಗ ಅವರ ಮುಖದಲ್ಲಿ ಒಂದು ಬಗೆಯ ನಿಶ್ಚಿಂತೆ ಮೂಡುತ್ತದೆ. ವೈದ್ಯನು ನಾಡಿ ಹಿಡಿದು ನೋಡಿ, ಇನ್ನು ನಮ್ಮ ಕೈಲಿಲ್ಲವೆಂದು ಎದ್ದುಹೋದ ಮೇಲೆ ದೂರದ ನೆಂಟರ ಮುಖದಲ್ಲಿ ಮೂಡುವಂಥ ನಿಶ್ಚಿಂತೆ. ನಷ್ಟದಲ್ಲಿತ್ತು, ಮುಚ್ಚಿತು, ಅದರಲ್ಲೇನು ವಿಶೇಷ? ಸರ್ಕಾರವೇನು ಧರ್ಮಛತ್ರ ನಡೆಸುತ್ತಿದೆಯೆ? ಇಷ್ಟು ಹೇಳಿ ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ಬೇರೆ ಮಾತಿಗೆ ಹೊರಳುತ್ತಾರೆ.

ನಾನು ಅರ್ಥಶಾಸ್ತ್ರಜ್ಞನಲ್ಲ. ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಈ ಜಿಲ್ಲೆಯಲ್ಲಿ ಇಪ್ಪತ್ತು ವರ್ಷಗಳ ಹತ್ತಿರ ಆ ಕೆಲಸ ಮಾಡಿಕೊಂಡಿದ್ದೇನೆ. ನಮ್ಮ ಮನೆಯವರಾರೂ ಆ ಕಾರ್ಖಾನೆಗಳಲ್ಲಿ ದುಡಿದವರಲ್ಲ. ಅಲ್ಲಿಂದ ನನಗೆ ಬರಬೇಕಾದ ಬಾಕಿಯೂ ಇಲ್ಲ, ಪಿಂಚಣಿಯೂ ಇಲ್ಲ. ಆದರೂ ಈ ವಿಷಯದಲ್ಲಿ ಬಾಯಿ ಹಾಕಲು ನನಗೊಂದು ಅಧಿಕಾರ ಉಂಟೆಂದು ತಿಳಿದಿದ್ದೇನೆ. ಶಬ್ದಗಳನ್ನು ಯಾರು, ಯಾವಾಗ, ಯಾವ ಅರ್ಥದಲ್ಲಿ ಬಳಸುತ್ತಾರೆಂಬುದನ್ನು ನೋಡುವುದೇ ನನ್ನ ಕಸುಬು. ‘ನಷ್ಟ’ ಎಂದರೆ ಮೂಲದಲ್ಲಿ ಹಾಳಾದದ್ದು, ಕಣ್ಮರೆಯಾದದ್ದು ಎಂದರ್ಥ. ಲೆಕ್ಕಪತ್ರದವರು ಅದನ್ನು ಎರವಲು ಪಡೆದು, ವರ್ಷದ ಕೊನೆಯಲ್ಲಿ ಖರ್ಚು ಜಮೆಯನ್ನು ಮೀರಿದಾಗ ಆ ಅಂತರಕ್ಕೆ ಹೆಸರಾಗಿ ಇಟ್ಟುಕೊಂಡರು. ಇಟ್ಟುಕೊಳ್ಳಲಿ, ಅಭ್ಯಂತರವಿಲ್ಲ. ಆದರೆ ಭದ್ರಾವತಿಯಲ್ಲಿ ಮೂಲಾರ್ಥದ ನಷ್ಟವೇ ಕಣ್ಣೆದುರು ನಡೆಯುತ್ತಿರುವಾಗ ಲೆಕ್ಕಪತ್ರದ ಅರ್ಥ ಅದನ್ನು ಮುಚ್ಚಿಬಿಟ್ಟಿದೆ. ನನ್ನ ತಕರಾರು ಇದು: ಗೇಟಿನೊಳಗಿನ ನಷ್ಟವನ್ನು ಪೈಸೆ ಬಿಡದೆ ಎಣಿಸಿದವರು ಗೇಟಿನ ಹೊರಗಿನ ನಷ್ಟವನ್ನು ಎಣಿಸಲೇ ಇಲ್ಲ. ಒಳಗಿನ ನಷ್ಟವಾದರೂ ತಾನಾಗಿ ಬಂದದ್ದಲ್ಲ, ಬಹುಮಟ್ಟಿಗೆ ಬರಮಾಡಿಕೊಂಡದ್ದು.

ಊರಿನ ಹಳೆಯ ಹೆಸರು ಬೆಂಕಿಪುರ. ಭದ್ರಾ ನದಿಯ ದಡದ ಸಣ್ಣ ಊರು. ಲಕ್ಷ್ಮೀನರಸಿಂಹನ ಹೊಯ್ಸಳ ದೇವಾಲಯವೊಂದನ್ನು ಬಿಟ್ಟರೆ ಹೊರಗಿನವರು ಬಂದು ನೋಡುವಂಥದು ಅಲ್ಲಿ ಹೆಚ್ಚೇನೂ ಇರಲಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಅಲ್ಲೊಂದು ಕಬ್ಬಿಣದ ಕಾರ್ಖಾನೆ ಕಟ್ಟುವುದೆಂದು ನಿಶ್ಚಯಿಸಿತು. ವಿಶ್ವೇಶ್ವರಯ್ಯನವರು ಆಗ ದಿವಾನರು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು, ಭದ್ರೆಯಲ್ಲಿ ನೀರಿತ್ತು, ಹಳ್ಳಿಗಳಲ್ಲಿ ಕೆಲಸವಿಲ್ಲದ ಕೈಗಳಿದ್ದವು. ಇವನ್ನೆಲ್ಲ ಒಂದೆಡೆ ಕೂಡಿಸಿದರೆ ಸಂಸ್ಥಾನದ ಜನ ಬೇಸಾಯವೊಂದನ್ನೇ ನಂಬಿ ಮಳೆಯ ಮುಖ ನೋಡುವುದು ತಪ್ಪೀತೆಂಬುದು ಯೋಜನೆಯ ಹಿಂದಿನ ಆಲೋಚನೆ. 1923ರ ಜನವರಿಯಲ್ಲಿ ಊದುಕುಲುಮೆಯಿಂದ ಮೊದಲ ಬೀಡು ಕಬ್ಬಿಣ ಹರಿಯಿತು.

ಹರಿದ ಕೂಡಲೆ ಲಾಭವೂ ಹರಿದುಬಂತೆಂದು ಯಾರಾದರೂ ತಿಳಿದಿದ್ದರೆ ಅವರು ಚರಿತ್ರೆಯನ್ನು ಓದಿಲ್ಲ. ಮೊದಲ ಮಹಾಯುದ್ಧದ ಕಾಲದ ಬೆಲೆಗಳನ್ನು ನೋಡಿ ಹಾಕಿದ ಅಂದಾಜು ಯುದ್ಧಾನಂತರ ತಲೆಕೆಳಗಾಯಿತು. ಕಬ್ಬಿಣದ ಬೆಲೆ ಕುಸಿಯಿತು. ಸಂಸ್ಥಾನದ ಹಣ ಕುಲುಮೆಯ ಬಾಯಿಗೆ ಹೋಗುತ್ತಿದೆಯೆಂಬ ಟೀಕೆ ಆಗಲೂ ಇತ್ತು. ಇಂದಿನ ‘ನಷ್ಟ’ದ ಪಂಡಿತರು ಆ ದಿನ ಮೈಸೂರಿನ ಸಲಹೆಗಾರರಾಗಿದ್ದರೆ 1925ರ ಹೊತ್ತಿಗೆ ಬೀಗ ಜಡಿಸಿ, ಯಂತ್ರಗಳನ್ನು ಗುಜರಿಗೆ ಹಾಕಿಸಿ, ತಾವು ಸಂಸ್ಥಾನಕ್ಕೆ ಮಹದುಪಕಾರ ಮಾಡಿದೆವೆಂದು ಸನ್ಮಾನ ಮಾಡಿಸಿಕೊಳ್ಳುತ್ತಿದ್ದರು. ನಡೆದದ್ದು ಬೇರೆ. ದಿವಾನಗಿರಿ ಬಿಟ್ಟು ಹೋಗಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದರು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು ಖರ್ಚು ಇಳಿಸಿದರು, ಕೆಲಸದ ಕ್ರಮ ತಿದ್ದಿದರು. ಸೌದೆಯನ್ನು ಭಟ್ಟಿಯಿಳಿಸಿ ಇದ್ದಿಲು ಮಾಡುವಾಗ ಹೊರಡುವ ಆವಿಯನ್ನೂ ಬಿಡದೆ ಹಿಡಿದು ರಾಸಾಯನಿಕಗಳನ್ನೂ ತಾರನ್ನೂ ತೆಗೆಯುವ ಸ್ಥಾವರ ಅಲ್ಲಿತ್ತು. ಕಬ್ಬಿಣದ ಕೊಳವೆ ಎರಕಹೊಯ್ಯುವ ಕೆಲಸ ಸೇರಿತು. 1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟು ಬಂತು.

ನಷ್ಟ ಬಂದಾಗ ಅದಕ್ಕೆ ಕಾರಣವೇನೆಂದು ಕೇಳಿ, ಇನ್ನೇನು ಮಾಡಿದರೆ ಸರಿಹೋದೀತೆಂದು ಯೋಚಿಸಿದವರು ಅಂದಿನವರು. ರಾಜರ ಆಳ್ವಿಕೆಯ ಕಾಲ ಅದು. ಜನರ ವೋಟು ಯಾರಿಗೂ ಬೇಕಾಗಿರಲಿಲ್ಲ. ವೋಟು ಬೇಕಾದವರ ಕಾಲದಲ್ಲಿ ಏನಾಯಿತೆಂಬುದನ್ನು ಈಗ ನೋಡೋಣ.

1962ರಲ್ಲಿ ಕಾರ್ಖಾನೆ ರಾಜ್ಯವೂ ಕೇಂದ್ರವೂ ಪಾಲುದಾರರಾದ ಕಂಪೆನಿಯಾಯಿತು. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ, ಎಂದರೆ ಸೇಲ್‌ನ ಅಧೀನಕ್ಕೆ ಹೋಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ದೊಡ್ಡ ಮನೆಗೆ ಮಗಳನ್ನು ಕೊಟ್ಟೆವೆಂದು ಊರಿನವರು ಹಿಗ್ಗಿದರು. ಹಿಗ್ಗಬಾರದೆಂದು ಯಾರು ಹೇಳಬೇಕು? ರೈಲ್ವೆಗೂ ರಕ್ಷಣಾ ಇಲಾಖೆಗೂ ಬೇಕಾದ ವಿಶೇಷ ಉಕ್ಕು ತಯಾರಿಸುವ ಕೈಚಳಕ ಅಲ್ಲಿನ ಕಾರ್ಮಿಕರಿಗಿತ್ತು. ಹಿರಿಯ ಮನೆಯ ಬಲವೂ ಸೇರಿದರೆ ಇನ್ನೇನು ಕೊರತೆ?

ಕೊರತೆಯಾದದ್ದು ಅದಿರಿಗೆ. ಉಕ್ಕಿನ ಕಾರ್ಖಾನೆಗೆ ಸ್ವಂತ ಗಣಿಯೆಂದರೆ ರೈತನಿಗೆ ಸ್ವಂತ ಬಿತ್ತನೆ ಬೀಜವಿದ್ದಂತೆ. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ಈ ಶತಮಾನದ ಆರಂಭದ ವರ್ಷಗಳಲ್ಲಿ ನಿಂತುಹೋಯಿತು. ಕಾಡು ಉಳಿಯಬೇಕೆಂಬ ಕಾರಣಕ್ಕೆ ನಿಂತಿತು. ಆ ಕಾರಣ ನ್ಯಾಯವಾದದ್ದೇ. ಇದೇ ಬೆಟ್ಟಸಾಲಿನ ಆಚೆ ಕುದುರೆಮುಖದ ಗಣಿಯೂ ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ನಾನು ಒಂದು ತೊಟ್ಟು ಕಣ್ಣೀರನ್ನೂ ಹಾಕುವವನಲ್ಲ. ಆದರೆ ಒಂದು ಗಣಿಯನ್ನು ಮುಚ್ಚಿದವರು ಆ ಗಣಿಯನ್ನೇ ನಂಬಿದ್ದ ಕಾರ್ಖಾನೆಗೆ ಬೇರೊಂದನ್ನು ಕೊಡಬೇಕಲ್ಲವೆ? ಸಂಡೂರಿನ ರಮಣದುರ್ಗದಲ್ಲಿ ಗಣಿ ಕೊಡುವ ಮಾತು ಬಂತು. ಆ ಮಾತು ಕಡತದಿಂದ ಕಡತಕ್ಕೆ ಹೊರಳುತ್ತ ವರ್ಷಗಳನ್ನು ಕಳೆಯಿತು.

ವಾಚಕರು ಒಂದು ಸಂಗತಿಯನ್ನು ಮರೆಯಬಾರದು. ಭದ್ರಾವತಿಗೆ ಸ್ವಂತ ಅದಿರಿಲ್ಲದೆ ಹೋದ ಆ ವರ್ಷಗಳೇ ಬಳ್ಳಾರಿಯ ಅದಿರು ಲಾರಿ ಲಾರಿಯಾಗಿ, ಹಗಲು ರಾತ್ರಿಯೆನ್ನದೆ, ಬಂದರುಗಳಿಗೆ ಹೊರಟು ಹಡಗೇರಿ ಚೀನಾಕ್ಕೆ ಹೋದ ವರ್ಷಗಳು. ಎಷ್ಟು ಅಕ್ರಮವಾಗಿ ಹೋಯಿತೆಂಬುದನ್ನು ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ 2011ರ ವರದಿ ತೆರೆದಿಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ನಮ್ಮ ನೆಲದ ಅದಿರು ಕಡಲಾಚೆಯ ಕುಲುಮೆಗಳನ್ನು ಉರಿಸಿತು. ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಭದ್ರಾವತಿಯ ಕುಲುಮೆ ಮಾತ್ರ ಅದಿರಿಗಾಗಿ ಮಾರುಕಟ್ಟೆಯಲ್ಲಿ ಕೈಚಾಚಿ ನಿಂತಿತು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆ ಇಲ್ಲಿ ಸಾಲದು. ಮೇಯ್ದ ಬೇಲಿಯೇ ಹೊಲದ ಮೇಲೆ ಇಳುವರಿ ಕಡಮೆಯೆಂದು ಆಪಾದನೆ ಹೊರಿಸಿತು.

ಸಂಡೂರಿನ ಹತ್ತಿರದ ತೋರಣಗಲ್ಲಿನಲ್ಲಿ ಖಾಸಗಿ ಉಕ್ಕಿನ ಸ್ಥಾವರವೊಂದು ವರ್ಷಕ್ಕೆ ಕೋಟಿ ಟನ್ನಿಗೂ ಮಿಕ್ಕು ಉಕ್ಕು ತೆಗೆಯುತ್ತದೆ. ಸರ್ಕಾರದ ಕಾರ್ಖಾನೆ ಹಳೆಯದು, ಚಿಕ್ಕದು, ಅದರ ಜೊತೆ ಸ್ಪರ್ಧಿಸಲಾರದೆಂದು ವಾದಿಸುವವರುಂಟು. ಹಳೆಯದು, ಚಿಕ್ಕದು ಎಂಬುದು ನಿಜ. ಹೊಸ ಯಂತ್ರ ಹಾಕದೆ ಇದ್ದರೆ ಹಳೆಯದು ಹಳೆಯದಾಗಿಯೇ ಇರುತ್ತದೆ. ಇದಕ್ಕೆ ಪರಿಣತರ ಸಮಿತಿ ಬೇಕಿಲ್ಲ. ಗಣಿ ಕೊಡದೆ, ಬಂಡವಾಳ ಹಾಕದೆ, ವರ್ಷಕ್ಕೊಮ್ಮೆ ಬಂದು ಲಾಭವೆಲ್ಲಿ ಎಂದು ಕೇಳುವುದು ಕಾಲು ಕಟ್ಟಿ ಓಡು ಎಂದ ಹಾಗಾಯಿತು.

ಮುಂದಿನದು ತಾರೀಖುಗಳ ಪಟ್ಟಿ, ಬೇಗ ಮುಗಿಸುತ್ತೇನೆ. 2016ರಲ್ಲಿ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರುವುದಕ್ಕೆ ಕೇಂದ್ರ ಸಂಪುಟ ತಾತ್ತ್ವಿಕವಾಗಿ ಒಪ್ಪಿತು. 2019ರಲ್ಲಿ ಕೊಳ್ಳುವವರಾರಾದರೂ ಇದ್ದೀರಾ ಎಂದು ಕರೆ ಹೊರಟಿತು. 2022ರ ಅಕ್ಟೋಬರಿನಲ್ಲಿ, ತಕ್ಕಷ್ಟು ಮಂದಿ ಮುಂದೆ ಬರಲಿಲ್ಲವೆಂದು ಮಾರಾಟ ರದ್ದಾಯಿತು. 2023ರ ಜನವರಿಯಲ್ಲಿ ಸೇಲ್ ಆಡಳಿತ ಮಂಡಳಿ ಮುಚ್ಚುವುದೆಂದು ತೀರ್ಮಾನಿಸಿತು. ಅದು ಮೊದಲ ಕಬ್ಬಿಣ ಹರಿದು ನೂರು ವರ್ಷ ತುಂಬಿದ ತಿಂಗಳು! ಶತಮಾನೋತ್ಸವಕ್ಕೆ ಇಂಥ ಉಡುಗೊರೆಯನ್ನು ಯೋಚಿಸಿ ಕೊಟ್ಟರೋ, ಯೋಚಿಸದೆ ಕೊಟ್ಟರೋ. ಯೋಚಿಸದೆ ಎಂದೇ ನನ್ನ ಊಹೆ. ಯೋಚಿಸುವುದಕ್ಕೆ ಭದ್ರಾವತಿ ಯಾವತ್ತೋ ಇದ್ದದ್ದು ಅವರಿಗೆ ನೆನಪಿರಬೇಕಷ್ಟೆ.

ಸಾವಿರಕ್ಕೂ ಮಿಕ್ಕ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ದಿನಗಳು ವಾರಗಳಾದುವು, ವಾರಗಳು ತಿಂಗಳುಗಳಾದುವು. ಆ ಧರಣಿ ನಡೆದಿರುವಾಗಲೇ, 2023ರ ಫೆಬ್ರವರಿ 27ರಂದು, ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವಿನ ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿಯ ವಿಮಾನ ನಿಲ್ದಾಣವನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ನಾನು ವಿಮಾನದ ವಿರೋಧಿಯಲ್ಲ. ಮಲೆನಾಡಿನ ಮಂದಿ ಆಕಾಶದಲ್ಲಿ ಹಾರಬಾರದೆಂಬ ಶಾಸನವೇನೂ ಇಲ್ಲ. ಆದರೆ ಜಿಲ್ಲೆಯ ಅಭಿವೃದ್ಧಿಯೆಂದು ಭಾಷಣಗಳಲ್ಲಿ ಹೇಳಿಸಿಕೊಂಡದ್ದು ಆ ಓಡುದಾರಿ. ಕೆಲವೇ ಮೈಲಿಗಳಾಚೆ ಗೇಟಿನ ಮುಂದೆ ಶಾಮಿಯಾನದಡಿ ಕೂತಿದ್ದವರು ಅಭಿವೃದ್ಧಿಯ ಲೆಕ್ಕದೊಳಗೆ ಬರಲಿಲ್ಲ. ಅದೇ ಆಗಸ್ಟಿನಲ್ಲಿ ಬೇರೆ ಸ್ಥಾವರದಿಂದ ತಂದ ಉಕ್ಕಿನ ದಿಂಡುಗಳನ್ನು ಉರುಳಿಸಿ ಸರಳು ಮಾಡುವ ಕೆಲಸ ಅಷ್ಟಿಷ್ಟು ಮತ್ತೆ ಆರಂಭವಾಯಿತು. 2024ರ ಜೂನ್ ಕೊನೆಯಲ್ಲಿ ಕೇಂದ್ರ ಉಕ್ಕು ಸಚಿವರಾದ ಕುಮಾರಸ್ವಾಮಿಯವರು ಬಂದು ನೋಡಿ, ಪುನಶ್ಚೇತನದ ಭರವಸೆಯಿತ್ತರು.

ಈ ‘ಪುನಶ್ಚೇತನ’ದ ಬಗ್ಗೆ ಕನ್ನಡ ಮೇಷ್ಟರಾಗಿ ಒಂದು ಮಾತು. ಸತ್ತದ್ದಕ್ಕೆ ಮತ್ತೆ ಚೇತನ ಬರುವುದು ಪವಾಡ. ಪವಾಡಕ್ಕೆ ಕಾದು ಕೂರುವವನು ಭಕ್ತನಾಗುತ್ತಾನೆ, ಪ್ರಜೆಯಾಗಿ ಉಳಿಯುವುದಿಲ್ಲ. ಯಾವ ಗಣಿ, ಎಷ್ಟು ಬಂಡವಾಳ, ಎಷ್ಟು ತಿಂಗಳಲ್ಲಿ, ಎಷ್ಟು ಮಂದಿಗೆ ಕೆಲಸ ಎಂದು ಕೇಳಿದರೆ ಅದು ವ್ಯವಹಾರದ ಪ್ರಶ್ನೆಯಾಗುತ್ತದೆ. ಪುನಶ್ಚೇತನವೆಂದರೆ ಪ್ರಶ್ನೆಯೇ ಏಳುವುದಿಲ್ಲ; ಚಪ್ಪಾಳೆ ಏಳುತ್ತದೆ. ಭದ್ರಾವತಿಯಲ್ಲಿ ಎಷ್ಟು ಚುನಾವಣೆಗಳು ಈ ಒಂದು ಶಬ್ದದ ಮೇಲೆ ನಡೆದುಹೋದವೋ ಲೆಕ್ಕವಿಟ್ಟವರಿಲ್ಲ. ಎಲ್ಲ ಪಕ್ಷದವರೂ ಅದನ್ನು ಬಳಸಿದ್ದಾರೆ. ಈ ವಿಷಯದಲ್ಲಿ ಅವರಲ್ಲಿ ಮೇಲುಕೀಳೆಂಬುದಿಲ್ಲ.

ಇನ್ನು ಕಾಗದದ ಗಿರಣಿ. ಇದರ ವಿಷಯ ಹೇಳುವಾಗ ವಾಚಕರು ತಮ್ಮ ಕೈಯಲ್ಲಿರುವ ಈ ಪುರವಣಿಯನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಬೇಕೆಂದು ಬೇಡುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ 1981ರಿಂದ ಪತ್ರಿಕಾ ಮುದ್ರಣದ ಕಾಗದ ತಯಾರಿಸತೊಡಗಿತು. ನಮ್ಮ ನಾಡಿನ ಮನೆಮನೆಗೆ ಬೆಳಗಿನ ಹೊತ್ತು ಸುದ್ದಿ ಬಂದು ಬೀಳುತ್ತಿದ್ದದ್ದು ಎಷ್ಟೋ ವರ್ಷ ಭದ್ರಾವತಿಯ ಕಾಗದದ ಮೇಲೆ. ಕಥೆ, ಕವಿತೆ, ವಿಮರ್ಶೆ, ವಿಮರ್ಶೆಗೆ ಉತ್ತರ, ಉತ್ತರಕ್ಕೆ ಪ್ರತ್ಯುತ್ತರ — ಕನ್ನಡ ಸಾರಸ್ವತ ಲೋಕದ ಜಗಳಗಳಿಗೆಲ್ಲ ನೆಲ ಒದಗಿಸಿಕೊಟ್ಟವರಲ್ಲಿ ಕಾಗದನಗರದ ಕಾರ್ಮಿಕರೂ ಸೇರಿದ್ದರು. 1990ರ ದಶಕದಲ್ಲಿ ಪತ್ರಿಕಾ ಕಾಗದದ ಆಮದಿನ ಕಟ್ಟುಗಳು ಸಡಿಲಿದುವು. ಪರದೇಶದ ಕಾಗದ ಬಂದಿತು. ಗಿರಣಿಯ ಯಂತ್ರಗಳು ಮುಪ್ಪಾದುವು. 2015ರ ಆಸುಪಾಸಿಗೆ ಉತ್ಪಾದನೆ ನಿಂತು, ಗಿರಣಿ ಮುಚ್ಚಿತು. ಅದರ ಜೊತೆಗಿದ್ದ ಸಕ್ಕರೆಯ ವಿಭಾಗವೂ ಹೋಯಿತು. ಅದನ್ನು ನಂಬಿದ್ದ ಕಬ್ಬಿನ ರೈತ ಬೇರೆ ದಾರಿ ಹುಡುಕಿದ. ನಾವು ಬರಹಗಾರರು ಏನು ಮಾಡಿದೆವು? ಕಾಗದದ ಬೆಲೆ ಏರಿ ಪುಸ್ತಕದ ಬೆಲೆ ಏರಿತೆಂದು ಸಂಕಟಪಟ್ಟೆವು. ಗಿರಣಿಯವರ ಪರವಾಗಿ ಒಂದು ಗೊತ್ತುವಳಿಯನ್ನಾದರೂ ಯಾವ ಸಾಹಿತ್ಯಗೋಷ್ಠಿಯಲ್ಲಾದರೂ ಮನಸ್ಸಿಟ್ಟು ಚರ್ಚಿಸಿದ್ದನ್ನು ನಾನಂತೂ ಕೇಳಲಿಲ್ಲ.

ಇಲ್ಲಿ ಪ್ರತಿಪಕ್ಷದವರ ಒಂದು ಮಾತಿಗೆ ಮನ್ನಣೆ ಕೊಡಲೇಬೇಕು. ಈ ಎರಡು ಕಾರ್ಖಾನೆಗಳು ಮಲೆನಾಡಿಗೆ ಪುಣ್ಯವನ್ನಷ್ಟೇ ಮಾಡಲಿಲ್ಲ. ದಶಕಗಳ ಕಾಲ ಇದ್ದಿಲಿಗಾಗಿ ಕಾಡಿನ ಮರ ಬಿದ್ದಿತು. ಕಾಗದಕ್ಕಾಗಿ ಬಿದಿರು ಹೋಯಿತು. ಹೋದ ಜಾಗದಲ್ಲಿ ನೀಲಗಿರಿ, ಅಕೇಶಿಯಾ ಎದ್ದುವು. ಭದ್ರೆಯ ನೀರಿಗೆ ಸೇರಿದ ಕೊಳೆಯನ್ನು ಕೆಳದಂಡೆಯ ಹಳ್ಳಿಯವರು ಕುಡಿದಿದ್ದಾರೆ. ಇದನ್ನು ಮರೆಮಾಚಿ ಕಾರ್ಖಾನೆಯ ಸ್ತೋತ್ರ ಓದುವವರ ಸಾಲಿನಲ್ಲಿ ನಾನಿಲ್ಲ. ಆದರೆ ವಿಚಿತ್ರ ನೋಡಿ: ಬಾಗಿಲು ಹಾಕಿದವರು ಕಾಡಿನ ಹೆಸರಿನಲ್ಲಿಯೂ ಹಾಕಲಿಲ್ಲ, ನದಿಯ ಹೆಸರಿನಲ್ಲಿಯೂ ಹಾಕಲಿಲ್ಲ. ಹಾಕಿದ್ದು ನಷ್ಟದ ಹೆಸರಿನಲ್ಲಿ. ಕಾಡಿಗಾದ ನಷ್ಟ ಅವರ ಪುಸ್ತಕದಲ್ಲಿ ಯಾವ ವರ್ಷವೂ ಖರ್ಚಾಗಿ ಬರಲಿಲ್ಲ. ಊರಿಗಾದ ನಷ್ಟವೂ ಹಾಗೆಯೇ.

ಊರಿಗಾದ ನಷ್ಟವೇನು? ಮೊದಲು ಒಂದು ಅಂಕಿ. ನಮ್ಮ ದೇಶದಲ್ಲಿ ಊರೆಂದರೆ ಬೆಳೆಯುವಂಥದು. ಹತ್ತು ವರ್ಷಕ್ಕೊಮ್ಮೆ ಎಣಿಸಿದಾಗ ತಲೆ ಹೆಚ್ಚಿರುವುದೇ ವಾಡಿಕೆ. 2001ರ ಜನಗಣತಿಯಲ್ಲಿ ಸುಮಾರು 1,60,000 ಇದ್ದ ಭದ್ರಾವತಿಯ ಜನಸಂಖ್ಯೆ 2011ರಲ್ಲಿ ಸುಮಾರು 1,51,000ಕ್ಕೆ ಇಳಿದಿತ್ತು. ಕಾಗದದ ಗಿರಣಿ ಇನ್ನೂ ಮುಚ್ಚಿರಲಿಲ್ಲ. ಉಕ್ಕಿನ ಕಾರ್ಖಾನೆಯ ಮೇಲೆ ಮಾರಾಟದ ಚೀಟಿ ಇನ್ನೂ ತೂಗಿರಲಿಲ್ಲ. ಆಗಲೇ ಊರು ಖಾಲಿಯಾಗತೊಡಗಿತ್ತು. ಯುದ್ಧವಿಲ್ಲ, ಬರವಿಲ್ಲ, ಅಣೆಕಟ್ಟಿನ ನೀರು ನುಗ್ಗಿದ್ದೂ ಇಲ್ಲ.

ಉಚ್ಛ್ರಾಯದ ಕಾಲದಲ್ಲಿ ಉಕ್ಕಿನ ಕಾರ್ಖಾನೆಯೊಂದರಲ್ಲೇ ಹತ್ತು ಸಾವಿರಕ್ಕೂ ಮಿಕ್ಕ ಮಂದಿ ದುಡಿಯುತ್ತಿದ್ದರು. ಕಾಯಂ ಕೆಲಸದ ಒಂದು ಸಂಬಳ ಎಷ್ಟು ದೂರ ಹರಿಯುತ್ತದೆಂಬುದನ್ನು ಅರ್ಥಶಾಸ್ತ್ರಜ್ಞರಿಗಿಂತ ಚೆನ್ನಾಗಿ ಊರಿನ ದಿನಸಿ ಅಂಗಡಿಯವನು ಬಲ್ಲ. ಅವನ ಉದ್ರಿ ಪುಸ್ತಕವನ್ನು ತೆರೆಸಿ ನೋಡಿ. ಮೊದಲು ಆ ಪುಸ್ತಕದಲ್ಲಿ ಸಂಬಳದ ದಿನಕ್ಕೆ ಎಲ್ಲ ಹೆಸರಿನ ಮುಂದೆಯೂ ಗೆರೆ ಬೀಳುತ್ತಿತ್ತು. ದರ್ಜಿ, ಸೈಕಲ್ ರಿಪೇರಿಯವನು, ಹೋಟೆಲಿನವನು, ಮನೆಪಾಠ ಹೇಳುವ ಹುಡುಗಿ, ಹೂವಿನವಳು, ಚಿತ್ರಮಂದಿರದ ಗೇಟಿನವನು, ಎಲ್ಲರೂ ಗೇಟಿನೊಳಗೆ ಕಾಲಿಡದೆಯೇ ಕಾರ್ಖಾನೆಯ ಅನ್ನ ತಿಂದವರು. ಇವರಾರಿಗೂ ಸ್ವಯಂನಿವೃತ್ತಿಯ ಪರಿಹಾರವಿಲ್ಲ; ಧರಣಿ ಕೂರಲು ಇವರಿಗೊಂದು ಗೇಟೂ ಇಲ್ಲ. ನ್ಯೂಟೌನಿನಲ್ಲಿಯೂ ಕಾಗದನಗರದಲ್ಲಿಯೂ ಬೀಗ ಬಿದ್ದ ಕ್ವಾರ್ಟರ್ಸುಗಳ ಹೆಂಚಿನ ಮೇಲೆ ಆಲದ ಸಸಿ ಎದ್ದಿರುವುದನ್ನು ನೋಡಿದವರಿಗೆ ‘ನಷ್ಟ’ದ ಮೂಲಾರ್ಥವನ್ನು ನಿಘಂಟಿನಲ್ಲಿ ಹುಡುಕುವ ಶ್ರಮ ತಪ್ಪುತ್ತದೆ.

ನನ್ನ ವಿಷಯಕ್ಕೆ ಹತ್ತಿರದ ಇನ್ನೊಂದು ನಷ್ಟವಿದೆ. ಅದನ್ನು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಈ ಊರಿಗೆ ಕೆಲಸಕ್ಕಾಗಿ ಬಂದವರಲ್ಲಿ ತಮಿಳರಿದ್ದರು, ತೆಲುಗರಿದ್ದರು, ಮಲೆಯಾಳಿಗಳಿದ್ದರು, ಉರ್ದು ಮಾತಿನವರಿದ್ದರು. ಅವರ ಮಕ್ಕಳು ಒಂದೇ ಶಾಲೆಯ ಬೆಂಚಿನ ಮೇಲೆ ಕೂತು ಕನ್ನಡ ಕಲಿತರು. ಕಲಿಯಿರೆಂದು ಯಾರೂ ಗದರಿಸಿರಲಿಲ್ಲ, ಫಲಕಗಳಿಗೆ ಮಸಿ ಬಳಿದಿರಲಿಲ್ಲ. ಅಪ್ಪನ ಶಿಫ್ಟಿನ ಜೊತೆಗಾರ ಕನ್ನಡದವನು, ಮೇಸ್ತ್ರಿ ಕನ್ನಡದವನು, ಪಕ್ಕದ ಕ್ವಾರ್ಟರ್ಸಿನಾಕೆ ಕನ್ನಡದವಳು. ಭಾಷೆ ಕೆಲಸದ ಬೆನ್ನಹಿಂದೆ ಮನೆಯೊಳಗೆ ಬಂತು. ಮನೆಯಲ್ಲಿ ತಮಿಳಾಡುವ ಹುಡುಗಿ ಐಚ್ಛಿಕ ಕನ್ನಡ ತೆಗೆದುಕೊಂಡು, ಹಳಗನ್ನಡವನ್ನು ನಮ್ಮ ಕನ್ನಡದ ಮಕ್ಕಳಿಗಿಂತ ಲಕ್ಷಣವಾಗಿ ಓದಿದ್ದನ್ನು ಕಿವಿಯಾರೆ ಕೇಳಿದ್ದೇನೆ. 1965ರಲ್ಲಿ ಆಕಾಶವಾಣಿ ನಿಲಯ ಬಂದದ್ದು ಇದೇ ಊರಿಗೆ. ನಟ ದೊಡ್ಡಣ್ಣನವರು ಬಂದದ್ದು ಇದೇ ಕಾರ್ಖಾನೆಯಿಂದ. ಕನ್ನಡ ಉಳಿಸಿ ಬೆಳೆಸಿ ಎಂದು ನವೆಂಬರ್ ತಿಂಗಳಿಡೀ ಕೂಗುವ ನಮ್ಮ ಮಹನೀಯರು ಒಂದು ಸಂಗತಿಯನ್ನು ಗಮನಿಸಿದಂತಿಲ್ಲ. ಕನ್ನಡದಲ್ಲಿ ದುಡಿದು ಕನ್ನಡದಲ್ಲಿ ಸಂಬಳ ಎಣಿಸುವ ಊರೊಂದು ಇಲ್ಲವಾದರೆ ನೂರು ಸಮ್ಮೇಳನ ನಡೆಸಿದರೂ ಅದನ್ನು ತುಂಬಿಕೊಡಲಾಗದು.

ನನ್ನ ವಿದ್ಯಾರ್ಥಿಗಳಿಗೆ ಈಗ ಸಿಗುವ ಉಪದೇಶ ಒಂದೇ: ಬೆಂಗಳೂರಿಗೆ ಹೋಗು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕದ್ದು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಹೋಗದೆ ಏನು ಮಾಡಿಯಾರು? ಹೋಗುತ್ತಾರೆ. ಬಿ.ಎ. ಪ್ರಥಮ ದರ್ಜೆಯವನು ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಪರರ ಊಟ ಹೊರುತ್ತಾನೆ. ಇನ್ನೊಬ್ಬ ಗಾಜಿನ ಕಟ್ಟಡದ ಬಾಗಿಲಲ್ಲಿ ಸಮವಸ್ತ್ರ ಹಾಕಿ ನಿಲ್ಲುತ್ತಾನೆ. ಯಾವ ಕೆಲಸವೂ ಕೀಳಲ್ಲ. ಆ ಮಾತು ನನಗೂ ಗೊತ್ತು. ‘ಸಾರ್, ಹನ್ನೆರಡು ಗಂಟೆ ನಿಂತರೆ ರೂಮಿನ ಬಾಡಿಗೆ, ಊಟ ಕಳೆದು ಮನೆಗೆ ಕಳಿಸೋಕೆ ಏನೂ ಉಳಿಯಲ್ಲ’ ಎಂದು ಅವರಲ್ಲೊಬ್ಬ ಹೇಳಿದ. ತಂದೆ ಇದೇ ಊರಿನಲ್ಲಿ ಎಂಟು ಗಂಟೆ ದುಡಿದು ಮನೆ ನಡೆಸಿದ್ದರು. ಒಂದು ತಲೆಮಾರಿನಲ್ಲಿ ಇದು ಅಭಿವೃದ್ಧಿಯೆ?

ಜಿಲ್ಲೆಯಲ್ಲಿ ಅಡಿಕೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಭದ್ರಾ ಕಾಲುವೆಯ ಬಯಲಿನಲ್ಲಿ ಗದ್ದೆಗಳೆಲ್ಲ ತೋಟಗಳಾಗುತ್ತಿವೆ. ತೋಟದ ಯಜಮಾನನಿಗೂ ಚೇಣಿ ಹಿಡಿದವನಿಗೂ ಹಣ ಬಂದಿದೆ, ಸಂತೋಷ. ಆದರೆ ಅಡಿಕೆ ಕೆಲಸ ಕೊಡುವುದು ಕೊಯ್ಲು, ಸುಲಿತ, ಬೇಯಿಸುವ ತಿಂಗಳುಗಳಲ್ಲಿ. ಮಿಕ್ಕ ತಿಂಗಳು ಹೊಟ್ಟೆಗೂ ರಜಾ ಕೊಡಬೇಕು. ಭತ್ತ ನೆಡುತ್ತಿದ್ದ ಹೆಣ್ಣಾಳಿಗೆ ನಾಟಿಯ ಕೂಲಿಯೂ ತಪ್ಪಿತು. ಹುಡುಗರಲ್ಲಿ ಕೌಶಲವಿಲ್ಲವೆಂಬ ಮಾತಂತೂ ಭದ್ರಾವತಿಯ ಮಟ್ಟಿಗೆ ಕೇಳಲಾಗದು. ಉಕ್ಕಿನ ಹದವನ್ನು ಬಣ್ಣ ನೋಡಿಯೇ ಹೇಳಬಲ್ಲ ಮುದುಕರು ಆ ಊರಿನ ಜಗಲಿಗಳ ಮೇಲೆ ಕೂತಿದ್ದಾರೆ. ವಿಶ್ವೇಶ್ವರಯ್ಯನವರು ಭದ್ರಾವತಿಯ ಸೇವೆಗಾಗಿ ತಮಗೆ ಸಂದ ಹಣವನ್ನು ಮನೆಗೊಯ್ಯದೆ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ ಬಿಟ್ಟುಕೊಟ್ಟರು. ಆ ಕಾರ್ಖಾನೆಯ ಹಣದಿಂದ ಕೌಶಲ ಕಲಿಸಿದ ನಾಡು ಈಗ ಆ ಊರಿನ ಮಕ್ಕಳಿಗೆ ಕೌಶಲವಿಲ್ಲವೆನ್ನುತ್ತಿದೆ. ಪ್ರತಿ ಸೆಪ್ಟೆಂಬರ್ 15ರಂದು ಅವರ ಪ್ರತಿಮೆಗೆ ಹಾರ ಹಾಕುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ.

ಕೊನೆಗೆ ‘ಗುತ್ತಿಗೆ’ ಎಂಬ ಶಬ್ದಕ್ಕೆ ಬರುತ್ತೇನೆ. ಇದಕ್ಕಾಗಿಯೇ ಇಷ್ಟು ಹೊತ್ತು ಕಾದಿದ್ದೆ. ನಮ್ಮ ಕಾಲೇಜುಗಳಲ್ಲಿ ಇದನ್ನೇ ಮರ್ಯಾದೆಯ ಭಾಷೆಯಲ್ಲಿ ‘ಅತಿಥಿ’ ಎನ್ನುತ್ತಾರೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರು ಪಾಠ ಹೇಳಿದ್ದಾರೆ. ಹದಿನೈದು ವರ್ಷ ದುಡಿದರೂ ಅತಿಥಿಯಾಗಿಯೇ ಉಳಿಯುವ ಅತಿಥಿಯನ್ನು ನಮ್ಮ ಪುರಾಣಗಳೂ ಕಂಡಿಲ್ಲ. ಕಾರ್ಖಾನೆಯಲ್ಲಿ ಅಷ್ಟು ಮರ್ಯಾದೆಯೂ ಇಲ್ಲ. ಕಾಯಂ ನೌಕರನನ್ನು ಬೇರೊಂದು ಘಟಕಕ್ಕೆ ವರ್ಗ ಮಾಡಬಹುದು. ಅದೇ ಕುಲುಮೆಯ ಮುಂದೆ ಅದೇ ಕೆಲಸ ಮಾಡಿದ ಗುತ್ತಿಗೆಯವನು ಬಾಗಿಲು ಹಾಕಿದ ದಿನ ಯಾರಿಗೂ ಸೇರಿದವನಲ್ಲ. ಮತ್ತೆ ಕೆಲಸ ಬಂದರೂ ತಿಂಗಳಿಗೆ ಇಷ್ಟು ದಿನವೆಂದು ಎಣಿಸಿ ಕೊಡುತ್ತಾರೆ.

ಇದೇ ‘ಗುತ್ತಿಗೆ’ಗೆ ಇನ್ನೊಂದು ಮುಖವಿದೆ. ಕಾಗದದ ಗಿರಣಿಗೆ ನೆಡುತೋಪಿಗಾಗಿ ಸರ್ಕಾರ ಕೊಟ್ಟಿದ್ದ ಅರಣ್ಯಭೂಮಿ ಸುಮಾರು 20 ಸಾವಿರ ಹೆಕ್ಟೇರ್. ಅದರ 40 ವರ್ಷದ ಗುತ್ತಿಗೆ 2020ರಲ್ಲಿ ತೀರಿತು. ಗಿರಣಿ ಆಗಲೇ ಮುಚ್ಚಿ ವರ್ಷಗಳಾಗಿದ್ದುವು. ಅರೆಯುವ ಯಂತ್ರವಿಲ್ಲ, ಕಾಗದವಿಲ್ಲ, ಕೆಲಸಗಾರರಿಲ್ಲ. ಆದರೂ ಅದೇ ವರ್ಷ ಆ ಭೂಮಿಯ ಗುತ್ತಿಗೆಯನ್ನು ಇನ್ನೂ 40 ವರ್ಷ, ಎಂದರೆ 2060ರವರೆಗೆ ಮುಂದುವರಿಸಿ ಸರ್ಕಾರ ಆದೇಶ ಹೊರಡಿಸಿತು. ಮಲೆನಾಡಿನವರು ಪ್ರತಿಭಟಿಸಿದರು. ಮರ ಬೆಳೆಯುವ ಜಾಗಕ್ಕೆ ನಾಲ್ವತ್ತು ವರ್ಷದ ಗುತ್ತಿಗೆ, ಮನುಷ್ಯನಿಗೆ ತಿಂಗಳಲ್ಲಿ ಕೆಲವು ದಿನದ ಗುತ್ತಿಗೆ. ಎರಡಕ್ಕೂ ರುಜು ಹಾಕುವುದು ಅದೇ ಆಡಳಿತ. ಮುಚ್ಚಿದ ಗಿರಣಿಯ ಹೆಸರಿನಲ್ಲಿ ಬೆಳೆದ ಆ ಮರ ಕಡಿದ ಮೇಲೆ ಎಲ್ಲಿಗೆ ಹೋಗುತ್ತದೆ, ಅದನ್ನು ಅರೆಯುವ ಊರಿನಲ್ಲಿ ಯಾರಿಗೆ ಸಂಬಳ ಸಿಗುತ್ತದೆ, ಆ ಹಣದಲ್ಲಿ ಕಾಗದನಗರಕ್ಕೆ ಬರುವುದೆಷ್ಟು — ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಭದ್ರಾವತಿಯ ಪ್ರತಿನಿಧಿಗಳು ಮುಂದಿನ ಅಧಿವೇಶನದಲ್ಲಿ ಲಿಖಿತವಾಗಿ ಕೇಳಿ ಪಡೆಯಲಿ.